ದೂರು ‘ಪರಿಹಾರವಾಗಿದೆ’ ಅಂತೆ, ಟಿವಿ ಮಾತ್ರ ಚೌಕ ಚೌಕ. ಕೇಬಲ್‌ನವರ ಜೊತೆ ನಿಮ್ಮ ಪಾಡು ಹೇಗಿದೆ?

ಮೂರನೇ_ಮಹಡಿ
ಹೊಟ್ಟೆ ಉರಿದು ಬರೀತಿದ್ದೀನಿ, ಉದ್ದ ಆದ್ರೆ ಬೈಕೋಬೇಡಿ.

ಮೂರು ವಾರದಿಂದ ನಮ್ಮನೆ ಕೇಬಲ್ ಟಿವಿಗೆ ಮಧ್ಯಾಹ್ನದ ಜ್ವರ. 12:30 ಆಗ್ತಿದ್ದ ಹಾಗೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ, ಮಾತು ತುಂಡು ತುಂಡಾಗುತ್ತೆ, ಆಮೇಲೆ ಕಪ್ಪು ಪರದೆ ಮೇಲೆ ‘ಸಿಗ್ನಲ್ ಇಲ್ಲ’. ಸಂಜೆ ಐದರ ಹೊತ್ತಿಗೆ ಏನೂ ಆಗೇ ಇಲ್ಲ ಅನ್ನೋ ಥರ ತಾನಾಗೇ ಸರಿಹೋಗುತ್ತೆ. ಎಲ್ಲ ಚಾನೆಲ್ಲೂ ಅಲ್ಲ, 13 ಚಾನೆಲ್ ಮಾತ್ರ. ಅಮ್ಮ ನೋಡೋ ಧಾರಾವಾಹಿ ಬರೋದು ಆ ಹದಿಮೂರರಲ್ಲೇ, ಇನ್ನು ಕೇಳಬೇಕಾ.

ಇಲ್ಲಿವರೆಗೆ 6 ಸಲ ಫೋನ್ ಮಾಡಿದ್ದೀನಿ. ಆರೂ ಸಲ ಹೆಸರು, ಗ್ರಾಹಕ ಸಂಖ್ಯೆ, ಬಾಕ್ಸ್ ಹಿಂದಿರೋ ಉದ್ದದ ನಂಬರ್, ಎಲ್ಲ ಮೊದಲಿಂದ ಒಪ್ಪಿಸಬೇಕು. ಆರೂ ಸಲ ‘ಬಾಕ್ಸ್ ಆಫ್ ಮಾಡಿ, 30 ಸೆಕೆಂಡ್ ಬಿಟ್ಟು ಆನ್ ಮಾಡಿ’. ಎರಡು ಸಲ ಟೆಕ್ನಿಷಿಯನ್ ಬಂದರು, ಎರಡೂ ಸಲ ಬೆಳಿಗ್ಗೆ ಹತ್ತಕ್ಕೆ. ಹತ್ತಕ್ಕೆ ನಮ್ಮ ಟಿವಿ ಕನ್ನಡಿ ಇದ್ದಂಗಿರುತ್ತೆ. ‘ಚೆನ್ನಾಗೇ ಬರ್ತಿದೆಯಲ್ಲ ಸಾರ್’ ಅಂತ ಸಹಿ ಹಾಕಿಸ್ಕೊಂಡು ಹೋದರು. ಮೂರನೇ ಸಲ ಯಾರೂ ಬರಲೇ ಇಲ್ಲ. ನಾನು ಬಾಗಿಲು ತೆಗೆದಿಟ್ಟು ಹೊಸಿಲ ಹತ್ತಿರವೇ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಮೊಬೈಲ್‌ಗೆ ಮೆಸೇಜ್: ‘ನಮ್ಮ ಸಿಬ್ಬಂದಿ ಭೇಟಿ ನೀಡಿದಾಗ ತಾವು ಮನೆಯಲ್ಲಿ ಇರಲಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಅದರ ಬೆನ್ನಿಗೇ ಇನ್ನೊಂದು: ‘ನಮ್ಮ ಸೇವೆಗೆ 10ಕ್ಕೆ ಎಷ್ಟು ಅಂಕ ಕೊಡುತ್ತೀರಿ?’

ಯಾರಿಗಾದ್ರೂ ಹೀಗಾಗಿದೆಯಾ? ಎಲ್ಲಿ ತಟ್ಟಿದ್ರೆ ಬಾಗಿಲು ತೆಗೀತಾರೆ?

ಬುಗುರಿ
ಹೊಸಿಲ ಹತ್ತಿರ ಕೂತವರಿಗೇ ‘ಮನೆಯಲ್ಲಿ ಇರಲಿಲ್ಲ’ ಅಂದ್ರಾ! ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ರಿಮೋಟ್‌ರಾಜ
ಇವರೆಲ್ಲ ಒಂದೇ ಗುರು. ನಂದು ಬಾಕ್ಸ್ ರಿಮೋಟ್ ಸತ್ತು ನಾಲ್ಕು ದಿನ ಆಯ್ತು, ಒಂದು ಬಟನ್ನೂ ಕೆಲಸ ಮಾಡಲ್ಲ. ಫೋನ್ ಮಾಡಿದ್ರೆ 40 ನಿಮಿಷ ಅದೇ ಪೀಪೀ ಸಂಗೀತ. ಕೊನೆಗೆ ಸಿಕ್ಕಿದ ಹುಡುಗಿಗೆ ಚೆನ್ನಾಗಿ ಝಾಡಿಸಿದೆ. ಬಿಟ್ಟಿ ಸಂಬಳ ತಗೋತಾರೆ.

ಹೆಡ್‌ಸೆಟ್_ಬಿಟ್ಟವಳು
@ರಿಮೋಟ್‌ರಾಜ ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದ್ರೆ ಇದೇ. ನಾನು ಮೂರು ವರ್ಷ ಆ ಕುರ್ಚಿಯಲ್ಲಿ ಕೂತಿದ್ದೆ, ಕೇಬಲ್ ಕಂಪನಿಯದ್ದೇ ಕಾಲ್ ಸೆಂಟರ್. ಒಳಗಿನ ಕಥೆ ಹೇಳ್ತೀನಿ ಕೇಳಿ.

ನಮ್ಮನ್ನ ಅಳೀತಿದ್ದದ್ದು ನಿಮ್ಮ ಟಿವಿ ಸರಿಹೋಯ್ತಾ ಅಂತಲ್ಲ. ಒಂದು ಕರೆ ಸರಾಸರಿ ಎಷ್ಟು ನಿಮಿಷ ಹಿಡೀತು, ದಿನಕ್ಕೆ ಎಷ್ಟು ಕರೆ ತಗೊಂಡೆ, ಎಷ್ಟು ದೂರು ‘ಮುಕ್ತಾಯ’ ಆಯ್ತು, ಇಷ್ಟೇ. ನಿಮ್ಮ ಕಷ್ಟ ಕೇಳ್ತಾ ಹತ್ತು ನಿಮಿಷ ಕೂತ್ರೆ ಪರದೆ ಮೂಲೆಯಲ್ಲಿ ಗಡಿಯಾರ ಕೆಂಪಾಗ್ತಿತ್ತು, ಹಿಂದೆ ಟೀಮ್ ಲೀಡರ್ ಬಂದು ನಿಲ್ತಿದ್ದ. ‘ಆಫ್ ಮಾಡಿ ಆನ್ ಮಾಡಿ’ ಅಂತ ಎಲ್ಲರೂ ಹೇಳೋದು ಪರದೆಯಲ್ಲಿ ಆ ಹೆಜ್ಜೆಗೆ ಟಿಕ್ ಹಾಕದೆ ಮುಂದಿನ ಪುಟ ತೆಗೆಯೋದೇ ಇಲ್ಲ ಅನ್ನೋ ಕಾರಣಕ್ಕೆ. ನಮಗೂ ಗೊತ್ತಿತ್ತು ಅದರಿಂದ ಆಗಲ್ಲ ಅಂತ.

ಇನ್ನೊಂದು, ಪ್ರತಿ ಸಲ ಹೊಸ ದೂರು ಬರೆಸಬೇಡಿ. ಹೊಸ ನಂಬರ್ ಬಂತು ಅಂದ್ರೆ ನೀವು ಹೊಸ ಗಿರಾಕಿ ಇದ್ದಂಗೆ, ಲೆಕ್ಕ ಮೊದಲಿಂದ ಶುರು. ‘ಹಳೇ ಟಿಕೆಟ್ಟನ್ನೇ ರೀಓಪನ್ ಮಾಡಿ’ ಅನ್ನಿ. ನಮ್ಮಲ್ಲಿ ರೀಓಪನ್ ಆದದ್ದು ಮೇಲಿನವರ ಪಟ್ಟಿಗೆ ಹೋಗ್ತಿತ್ತು, ಅದಕ್ಕೆ ಅವರು ಹೆದರ್ತಿದ್ರು.

ಮೂರನೇ_ಮಹಡಿ
ಅಕ್ಕ, ಇದು ಗೊತ್ತೇ ಇರಲಿಲ್ಲ. ನನ್ನ ಹತ್ತಿರ 6 ಬೇರೆ ಬೇರೆ ನಂಬರ್ ಇವೆ.

ರಿಮೋಟ್‌ರಾಜ
ಸರಿ, ಝಾಡಿಸಿದ್ದು ತಪ್ಪು ಇರಬಹುದು. ಆದ್ರೆ ರಿಮೋಟ್ ಯಾರು ಕೊಡ್ತಾರೆ?

ಕೇಬಲ್‌ಕತ್ತರಿ
ಇನ್ನೂ ಕೇಬಲ್ ಯಾಕೆ ಇಟ್ಕೊಂಡಿದ್ದೀರಿ ಅನ್ನೋದೇ ನನ್ನ ಪ್ರಶ್ನೆ. ನಾನು ಎರಡು ವರ್ಷದ ಹಿಂದೆ ಕಿತ್ತು ಬಿಸಾಕಿದೆ. ಇಂಟರ್‌ನೆಟ್ ಇದೆ, ಆ್ಯಪ್ ಇದೆ, ಯಾವನ ದಾಕ್ಷಿಣ್ಯವೂ ಬೇಡ. ನಿಮ್ಮ ಬಾಕ್ಸ್ ಬಿಸಿ ಆಗಿ ಹೀಗಾಗ್ತಿದೆ ಅಷ್ಟೇ. ಮಧ್ಯಾಹ್ನ ಅಲ್ವಾ.

ಉತ್ತರದ_ಗಾಳಿ
ಕಿತ್ತ ಒಗದ್ರಂತ, ಭಾರಿ ಆತು. ನಮ್ಮ ಮನ್ಯಾಗೂ ಆ್ಯಪ್ ಅದಾವ್ರಿ, ನಾಕು. ಪಂದ್ಯ ಒಂದರಾಗ, ಸುದ್ದಿ ಇನ್ನೊಂದರಾಗ, ನಮ್ಮವ್ವನ ಧಾರಾವಾಹಿ ಮತ್ತೊಂದರಾಗ. ತಿಂಗಳಿಗೊಮ್ಮೆ ತಾನ ಲಾಗ್ಔಟ್ ಆಗ್ತದ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಮ್ಯಾಲ ಪಂದ್ಯ ನೋಡೂ ಮುಂದ ಬಾಜೂ ಮನಿಯವ್ರು ‘ಹೋ’ ಅಂತ ಒದರಿದ ಅರ್ಧ ನಿಮಿಷಕ್ಕ ನಮ್ಮ ಪರದ್ಯಾಗ ಗೋಲ್ ಬರ್ತದ. ಅವ್ರದು ಕೇಬಲ್ ನೋಡ್ರಿ.

ಬುಗುರಿ
ಹ್ಹಹ್ಹ ಅರ್ಧ ನಿಮಿಷ ನಿಜ. ನೇರ ಪ್ರಸಾರ ಅಂತಾರೆ, ತುಂಡು ತುಂಡು ಮಾಡಿ ಕಳಿಸಿ ಒಂದಷ್ಟು ಕೂಡಿಟ್ಕೊಂಡ ಮೇಲೇ ತೋರಿಸೋದು.

ತಂತಿಮಾವ
ಹದಿನೆಂಟು ವರ್ಷ ಏಣಿ ಹತ್ತಿದವನು, ಈಗ ಮಂಡಿ ನೋವು, ಬಿಟ್ಟಿದ್ದೀನಿ. ಬಾಕ್ಸ್ ಬಿಸಿ ಆಗೋದು ನಿಜ, ಆದ್ರೆ ಬಾಕ್ಸ್ ಬಿಸಿ ಆದ್ರೆ ಎಲ್ಲ ಚಾನೆಲ್ಲೂ ತತ್ತರಿಸಬೇಕು. ಇಲ್ಲಿ ಹದಿಮೂರೇ ಅಂತಿದ್ದಾರೆ. ಅಲ್ಲೇ ಇರೋದು ಸುಳಿವು.

ಡಿಜಿಟಲ್ ಕೇಬಲ್‌ನಲ್ಲಿ ಒಂದು ಚಾನೆಲ್ಲಿಗೆ ಒಂದು ಫ್ರೀಕ್ವೆನ್ಸಿ ಅಂತ ಇರಲ್ಲ. ಒಂದು ಬಸ್ಸಲ್ಲಿ ಹತ್ತು ಹದಿನೈದು ಜನ ಕೂತಂಗೆ, ಒಂದು ಫ್ರೀಕ್ವೆನ್ಸಿಯಲ್ಲಿ ಅಷ್ಟು ಚಾನೆಲ್ ಒತ್ತಿ ತುಂಬಿರ್ತಾರೆ. ಬಸ್ಸಿನ ಅಗಲ ಕೆಲವು ದೇಶದಲ್ಲಿ 8 ಮೆಗಾಹರ್ಟ್ಸ್, ಅಮೆರಿಕದ ಕಡೆ 6. ನಿಮ್ಮ ಹದಿಮೂರೂ ಒಂದೇ ಬಸ್ಸಲ್ಲಿವೆ. ಆ ಬಸ್ಸಿನ ದಾರಿಯಲ್ಲಿ ಮಧ್ಯಾಹ್ನ ಗುಂಡಿ ಬೀಳ್ತಿದೆ.

ಬಾಕ್ಸ್ ಮೆನುವಿನಲ್ಲಿ ಸೆಟ್ಟಿಂಗ್ಸ್ ಒಳಗೆ ಸಿಗ್ನಲ್ ಅಂತಲೋ ಡಯಾಗ್ನೋಸ್ಟಿಕ್ಸ್ ಅಂತಲೋ ಒಂದು ಪುಟ ಇರುತ್ತೆ. ಕೆಟ್ಟ ಚಾನೆಲ್ ಹಾಕಿ ಅಲ್ಲಿ ಸ್ಟ್ರೆಂತ್, ಕ್ವಾಲಿಟಿ ಎರಡೂ ಬರ್ಕೊಳ್ಳಿ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಎರಡಕ್ಕೆ ಒಂದು ಸಲ. ಒಳ್ಳೇ ಚಾನೆಲ್‌ದೂ ಒಂದು ಬರ್ಕೊಳ್ಳಿ. ನಾಳೆ ಇಲ್ಲಿ ಹಾಕಿ.

ಆಂಟೆನಾ48
ಸಂದರ್ಭ ಬಂತು ಅಂತ ಹೇಳ್ತೀನಿ, ಕೇಬಲ್ ಟಿವಿ ಹುಟ್ಟಿದ್ದೇ ಸಿಗ್ನಲ್ ಸಿಗದವರ ಗೋಳಿನಿಂದ. 1948ರ ಸುಮಾರಿಗೆ ಅಮೆರಿಕದಲ್ಲಿ ಗುಡ್ಡದ ಆಚೆ ಇದ್ದ ಊರುಗಳಿಗೆ ಟಿವಿ ತಲುಪ್ತಿರಲಿಲ್ಲ. ಗುಡ್ಡದ ತಲೆ ಮೇಲೆ ಒಂದು ಆಂಟೆನಾ ನಿಲ್ಲಿಸಿ, ತಂತಿ ಎಳೆದು ಕೆಳಗಿನ ಮನೆಗಳಿಗೆ ಕೊಟ್ಟರು. ಮೊದಲು ಮಾಡಿದ್ದು ಪೆನ್ಸಿಲ್ವೇನಿಯಾದವರೋ ಓರೆಗನ್‌ನವರೋ ಅಂತ ಇವತ್ತಿಗೂ ಜಗಳ ಇದೆ. ಕೇಬಲ್ ಟಿವಿಗೆ ಬಳಸೋ ಕೋಆಕ್ಸಿಯಲ್ ತಂತಿಯ ಪೇಟೆಂಟ್ ಅದಕ್ಕಿಂತ ಹಳೇದು, 1880ರಲ್ಲಿ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ತಗೊಂಡದ್ದು.

ಬುಗುರಿ
ಅಂದ್ರೆ ‘ಸಿಗ್ನಲ್ ಇಲ್ಲ’ ಅನ್ನೋದಕ್ಕೆ ಪರಿಹಾರವಾಗಿ ಹುಟ್ಟಿದ್ದು ಈಗ ‘ಸಿಗ್ನಲ್ ಇಲ್ಲ’ ತೋರಿಸ್ತಿದೆ.

ಕಡಲಕಾಗೆ
ನಮ್ಮದು ಬೇರೆ ಕಥೆ ಮಾರಾಯ್ರೆ. ಸಂಪರ್ಕ ಬೇಡ ಅಂತ ಹೇಳ್ಲಿಕ್ಕೆ ಫೋನ್ ಮಾಡಿದೆ. ಹೊಸ ಸಂಪರ್ಕಕ್ಕೆ 1 ಒತ್ತಿ ಅಂದರೆ ಎರಡನೇ ರಿಂಗಿಗೇ ಮನುಷ್ಯ ಸಿಗ್ತಾನೆ, ‘ನಿಲ್ಲಿಸಲು 9’ ಒತ್ತಿದರೆ ಪಾತಾಳಕ್ಕೆ ಹೋದ ಹಾಗೆ. ಅಂತೂ ಒಬ್ಬರು ಸಿಕ್ಕಿದ್ರು. ಬಿಡಬೇಡಿ ಸಾರ್, ಮೂರು ತಿಂಗಳು ಅರ್ಧ ದರ ಅಂದ್ರು. ಅಷ್ಟು ದಿನ ಇಲ್ಲದ ಅರ್ಧ ದರ ಈಗ ಎಲ್ಲಿಂದ ಬಂತು ಮಾರಾಯ್ರೆ? ಬೇಡ ಅಂದೆ. ಬಾಕ್ಸ್ ವಾಪಸ್ ಕೊಟ್ಟೆ. ಮೂರು ತಿಂಗಳ ಮೇಲೆ ಬಿಲ್ಲು ಬಂತು, ‘ಬಾಕ್ಸ್ ಹಿಂತಿರುಗಿಸಿಲ್ಲ’ ಅಂತ. ರಶೀದಿ ತೆಗೆದಿಟ್ಟಿದ್ದೆ, ಬಚಾವಾದೆ. ಅದರಲ್ಲಿ ಬಾಕ್ಸಿನ ನಂಬರ್ ಬರೆಸಿರದಿದ್ದರೆ ಕಥೆ ಮುಗಿದಿತ್ತು.

ಹೆಡ್‌ಸೆಟ್_ಬಿಟ್ಟವಳು
@ಕಡಲಕಾಗೆ ಬಿಟ್ಟುಹೋಗೋರನ್ನ ಹಿಡಿದು ನಿಲ್ಲಿಸೋಕೆ ಅಂತ ಬೇರೆ ಟೀಮೇ ಇರುತ್ತೆ ಅಣ್ಣ. ದರ ಇಳಿಸೋ ಅಧಿಕಾರ ಅವರಿಗೆ ಮಾತ್ರ. ನಾವು ಸಾಮಾನ್ಯ ಸಾಲಿನವರು ಕೇಳಿದ್ರೂ ಕೊಡೋ ಹಾಗಿರಲಿಲ್ಲ. ಹತ್ತು ವರ್ಷದಿಂದ ತಪ್ಪದೆ ಬಿಲ್ ಕಟ್ಟಿದವರಿಗೆ ಪೂರ್ತಿ ದರ, ಬಿಟ್ಟುಹೋಗ್ತೀನಿ ಅಂದವರಿಗೆ ಅರ್ಧ. ಆ ಕೆಲಸ ಬಿಟ್ಟದ್ದಕ್ಕೆ ಇದೂ ಒಂದು ಕಾರಣ.

ಕೇಬಲ್‌ಕತ್ತರಿ
ಅದಕ್ಕೇ ಹೇಳಿದ್ದು, ಕಿತ್ತು ಬಿಸಾಕಿ.

ಉತ್ತರದ_ಗಾಳಿ
ಬಿಸಾಕಿ ನಿಮ್ಮ ಇಂಟರ್‌ನೆಟ್ ಯಾರ ಹತ್ರ ತಗೊಂಡ್ರಿ?

ಕೇಬಲ್‌ಕತ್ತರಿ
...ಅದೇ ಕೇಬಲ್ ಕಂಪನಿ. ಬೇರೆ ಯಾರೂ ನಮ್ಮ ಕಡೆ ಲೈನ್ ಎಳೆದಿಲ್ಲ.

ಉತ್ತರದ_ಗಾಳಿ
ಹಳೇ ಗಂಡನ ಪಾದವೇ ಗತಿ.

ಸುಮ್ನಿರಿ
ಮೂರು ದಿನ ನಗ್ತೀನಿ ಇದಕ್ಕೆ.

ಮೂರನೇ_ಮಹಡಿ
ತಂತಿಮಾವ, ಬರ್ಕೊಂಡೆ. ಅಮ್ಮ ಚಾನೆಲ್ ಬಿಟ್ಟುಕೊಡಲ್ಲ ಅಂದ್ರು, ಜಾಹೀರಾತು ಬಂದಾಗ ನೋಡಿದ್ದು.

ಕೆಟ್ಟ ಚಾನೆಲ್, 746 ಮೆಗಾಹರ್ಟ್ಸ್: ಬೆಳಿಗ್ಗೆ ಹತ್ತಕ್ಕೆ ಸ್ಟ್ರೆಂತ್ 52, ಕ್ವಾಲಿಟಿ 33. ಮಧ್ಯಾಹ್ನ ಎರಡಕ್ಕೆ ಸ್ಟ್ರೆಂತ್ 41, ಕ್ವಾಲಿಟಿ 22, ಪಕ್ಕದಲ್ಲಿ ‘ಎರರ್’ ಅನ್ನೋ ಸಂಖ್ಯೆ ಮೀಟರ್ ಥರ ಓಡ್ತಿತ್ತು.
ಒಳ್ಳೇ ಚಾನೆಲ್, 298 ಮೆಗಾಹರ್ಟ್ಸ್: ಎರಡೂ ಹೊತ್ತು 60, 36.

ಹದಿಮೂರೂ ಚಾನೆಲ್ ಹಾಕಿ ನೋಡಿದೆ, ಎಲ್ಲದಕ್ಕೂ 746 ಅಂತಲೇ ತೋರಿಸ್ತು! ಫೋಟೊ ತೆಗೆದಿದ್ದೀನಿ.

ಬುಗುರಿ
ಒಂದ್ನಿಮಿಷ, ನಂದು ನೋಡಿದೆ, ಸ್ಟ್ರೆಂತ್ −4 ಅಂತಿದೆ! ನಿಮ್ಮದು 41ಕ್ಕೇ ಒಡೆಯುತ್ತೆ ಅಂದ್ರೆ ನಂದು ಹೇಗೆ ಬರ್ತಿದೆ? ಟಿವಿ ಚೆನ್ನಾಗೇ ಇದೆಯಪ್ಪ.

ತಂತಿಮಾವ
ಅಳತೆ ಬೇರೆ ತಮ್ಮ. ಸಿಗ್ನಲ್ ಬಲ ಅಳೆಯೋದು ಡಿಬಿ, ಅಂದ್ರೆ ಡೆಸಿಬೆಲ್‌ನಲ್ಲಿ. ಕೆಲವು ಬಾಕ್ಸ್ ಮಿಲಿವೋಲ್ಟ್ ಲೆಕ್ಕದ ಡಿಬಿ ತೋರಿಸುತ್ತೆ, ಕೆಲವು ಮೈಕ್ರೋವೋಲ್ಟ್ ಲೆಕ್ಕದ್ದು. ನಡುವೆ ವ್ಯತ್ಯಾಸ ಸರಿಯಾಗಿ 60. ನಿನ್ನ −4 ಅಂದ್ರೆ ಅವರ ಲೆಕ್ಕದಲ್ಲಿ 56, ಏನೂ ತೊಂದರೆ ಇಲ್ಲ. ಮೈನಸ್ ನೋಡಿ ಹೆದರಿದವರು ನನ್ನ ಕಾಲದಲ್ಲೂ ಬಹಳ ಜನ ಇದ್ರು.

@ಮೂರನೇ_ಮಹಡಿ ಬಂಗಾರದಂಥ ಲೆಕ್ಕ ಕೊಟ್ಟಿದ್ದೀರಿ. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಹೊತ್ತಿನ ನಡುವೆ 11 ಡಿಬಿ ಬಿದ್ದಿದೆ. ಬಿಸಿಲಿಗೆ ಕೇಬಲ್‌ನ ನಷ್ಟ ಸ್ವಲ್ಪ ಏರೋದು ಸಹಜ, ಐದಾರು ಡಿಗ್ರಿಗೆ ಶೇ. 1ರಷ್ಟು. 20 ಡಿಗ್ರಿ ಏರಿದ್ರೂ ಶೇ. 4 ಆಸುಪಾಸು. 15 ಡಿಬಿ ತಿನ್ನೋ ಕೇಬಲ್ ಇದ್ರೆ ಅದು ಅರ್ಧ ಡಿಬಿಗಿಂತ ಒಂಚೂರು ಜಾಸ್ತಿ, ಅಷ್ಟೇ. 11 ಬೀಳೋಕೆ ಬರೀ ಬಿಸಿಲು ಸಾಲದು. ಎಲ್ಲೋ ಒಂದು ಜಾಯಿಂಟ್ ಬಿಸಿಲಿಗೆ ಹಿಗ್ಗಿ ಬಾಯಿ ಬಿಡ್ತಿದೆ. ಜಾಯಿಂಟ್ ಸಡಿಲ ಆದ್ರೆ ಸಿಗ್ನಲ್ ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸ್ ಬರುತ್ತೆ. ಹೋಗೋದೂ ಬರೋದೂ ಡಿಕ್ಕಿಯಾಗಿ ಯಾವುದೋ ಒಂದು ಫ್ರೀಕ್ವೆನ್ಸಿಯಲ್ಲಿ ಗುಂಡಿ ಬೀಳುತ್ತೆ, ಪಕ್ಕದ್ದು ಹಾಯಾಗಿರುತ್ತೆ.

ನಿಮ್ಮ ಕೇಬಲ್ ಯಾವ ಗೋಡೆ ಮೇಲೆ ಇಳಿದಿದೆ?

ಮೂರನೇ_ಮಹಡಿ
ಪಶ್ಚಿಮದ ಗೋಡೆ. ಮಧ್ಯಾಹ್ನ ಆದ್ಮೇಲೆ ನೇರ ಬಿಸಿಲು. ಕಿಟಕಿ ಹತ್ತಿರ ಒಂದು ಸಣ್ಣ ಡಬ್ಬಿ ಥರ ಇದೆ, ಅದರಿಂದ ಎರಡು ವೈರ್ ಹೊರಗೆ ಬಂದಿವೆ, ಒಂದು ಎಲ್ಲಿಗೂ ಹೋಗಿಲ್ಲ, ಹಾಗೇ ನೇತಾಡ್ತಿದೆ. ನಾನೇ ಕಿಟಕಿಯಿಂದ ಕೈ ಹಾಕಿ ಬಿಗಿ ಮಾಡ್ಲಾ?

ರಿಮೋಟ್‌ರಾಜ
ಮಾಡಿ ಮಾಡಿ. ಎರಡು ತಿರುವು, ಮುಗೀತು.

ಹೆಡ್‌ಸೆಟ್_ಬಿಟ್ಟವಳು
ಮೂರನೇ ಮಹಡಿ ಕಿಟಕಿಯಿಂದ ಕೈ ಹಾಕ್ಬೇಡಿ ದಯವಿಟ್ಟು.

ತಂತಿಮಾವ
ಬೇಡವೇ ಬೇಡ. ಬೀಳೋದು ಒಂದು. ಇನ್ನೊಂದು, ಹೊರಗಿನ ಡಬ್ಬಿ ಕಂಪನಿಯದ್ದು. ನೀವು ಮುಟ್ಟಿದ್ರಿ ಅಂತ ಗೊತ್ತಾದ್ರೆ ‘ಗ್ರಾಹಕರೇ ಕೆಡಿಸಿದ್ದು’ ಅಂತ ಬರೆದು ನಿಮ್ಮ ತಲೆಗೇ ಕಟ್ತಾರೆ. ಮನೆ ಒಳಗಿನದನ್ನ ಮಾತ್ರ ನೀವು ನೋಡಿ. ಬಾಕ್ಸ್ ಹಿಂದಿನ ಕನೆಕ್ಟರ್ ಕೈಯಲ್ಲಿ ಬಿಗಿ ಮಾಡಿ. ಒಳಗೆ ಸ್ಪ್ಲಿಟರ್, ಅಂದ್ರೆ ಒಂದು ಕೇಬಲ್ಲನ್ನ ಎರಡು ಮೂರು ಟಿವಿಗೆ ಹಂಚೋ ಡಬ್ಬಿ, ಇದೆಯಾ ನೋಡಿ. ಎರಡು ದಾರಿಯ ಸ್ಪ್ಲಿಟರ್ ಒಂದೇ 3.5 ಡಿಬಿ ನುಂಗುತ್ತೆ, ನಾಲ್ಕು ದಾರಿಯದು 7. ಒಂದೇ ಟಿವಿ ಇದ್ದರೆ ಅದನ್ನ ಕಿತ್ತು ನೇರ ಜೋಡಿಸಿ.

ಆ ಡಬ್ಬಿಯೂ ಸ್ಪ್ಲಿಟರ್ರೇ ಇರಬೇಕು. ನೇತಾಡ್ತಿರೋ ವೈರ್ ಇದೆಯಲ್ಲ, ಅದರ ಕೊನೆ ಬಿಚ್ಚಿಕೊಂಡಿದೆ. ಅಲ್ಲಿಂದಲೂ ಸಿಗ್ನಲ್ ಹಿಂದಕ್ಕೆ ಬಡಿಯುತ್ತೆ. ಹೊರಗಿನ ಮೊಬೈಲ್ ಟವರ್‌ನ ಗದ್ದಲವೂ ಅದರಿಂದಲೇ ಒಳಗೆ ನುಗ್ಗೋದು, 700–800 ಮೆಗಾಹರ್ಟ್ಸ್ ಹತ್ತಿರ ಮೊಬೈಲ್‌ನವರೂ ಇರ್ತಾರೆ. ಬೇಡದ ಬಾಯಿಗೆ 75 ಓಮ್‌ನ ಮುಚ್ಚಳ ಹಾಕಬೇಕು, ಒಂದು ಹೆಬ್ಬೆಟ್ಟಿನ ಉಗುರಿನಷ್ಟು ಇರುತ್ತೆ. ಅವಸರದಲ್ಲಿ ಯಾರೂ ಹಾಕಲ್ಲ.

ಆಂಟೆನಾ48
ಹಳೇ ಅನಲಾಗ್ ಕಾಲದಲ್ಲಿ ಸಿಗ್ನಲ್ ಕೆಟ್ಟರೆ ಪರದೆ ತುಂಬ ಚುಕ್ಕಿ ಬರ್ತಿತ್ತು, ಆದ್ರೂ ಮುಖ ಗೊತ್ತಾಗ್ತಿತ್ತು, ಮಾತು ಕೇಳ್ತಿತ್ತು. ಡಿಜಿಟಲ್ ಹಾಗಲ್ಲ. ತಪ್ಪು ತಿದ್ದೋ ಶಕ್ತಿ ಇರೋವರೆಗೆ ಕನ್ನಡಿ, ಅದು ಮುಗಿದ ಮರುಕ್ಷಣ ಕತ್ತಲೆ. ಬೆಳಿಗ್ಗೆ ಬಂದ ಟೆಕ್ನಿಷಿಯನ್‌ಗೆ ಪರದೆ ನೋಡಿ ಏನೂ ಗೊತ್ತಾಗದೆ ಇರೋದು ಅದಕ್ಕೇ. ಅಂಚಲ್ಲಿ ನಿಂತಿದ್ರೂ ಚಿತ್ರ ಚೆನ್ನಾಗೇ ಕಾಣುತ್ತೆ.

ತಂತಿಮಾವ
ಅದಕ್ಕೇ ಮೀಟರ್ ಕೊಟ್ಟಿರೋದು. ತರೋರು ಕಡಿಮೆ. ದಿನಕ್ಕೆ ಹನ್ನೆರಡು ಮನೆ ಮುಗಿಸು ಅಂದ್ರೆ ಯಾವನು ಮೀಟರ್ ಬಿಚ್ತಾನೆ? ನಾನೂ ಕೊನೇ ವರ್ಷಗಳಲ್ಲಿ ಸುಮಾರು ಮನೆಗೆ ಪರದೆ ನೋಡಿಯೇ ಸಹಿ ತಗೊಂಡು ಬಂದಿದ್ದೀನಿ. ಸುಳ್ಳು ಯಾಕೆ ಹೇಳ್ಲಿ.

ಸುಮ್ನಿರಿ
ಮಾವ ಒಪ್ಪಿಕೊಂಡ್ರು!

ಹೆಡ್‌ಸೆಟ್_ಬಿಟ್ಟವಳು
@ಮೂರನೇ_ಮಹಡಿ ಫೋನ್ ಮಾಡಿದಾಗ ‘ಟಿವಿ ಬರ್ತಿಲ್ಲ’ ಅನ್ಬೇಡಿ. ಬರ್ತಿಲ್ಲ ಅಂದ್ರೆ ಮತ್ತೆ ಆಫ್ ಆನ್ ಪುಟಕ್ಕೇ ಹೋಗುತ್ತೆ. ‘746 ಮೆಗಾಹರ್ಟ್ಸ್‌ನಲ್ಲಿ ಮಧ್ಯಾಹ್ನ ಲೆವೆಲ್ 41ಕ್ಕೆ ಬೀಳ್ತಿದೆ, ಹೊರಗಿನ ಜಾಯಿಂಟ್ ನೋಡ್ಬೇಕು, 1ರಿಂದ 3ರ ಒಳಗೆ ಬರ್ಬೇಕು, ಹಳೇ ಟಿಕೆಟ್ ರೀಓಪನ್ ಮಾಡಿ’. ಇಷ್ಟನ್ನೇ ನಿಧಾನವಾಗಿ ಹೇಳಿ, ನೋಟ್ಸ್‌ನಲ್ಲಿ ಬರೆಯೋಕೆ ಹೇಳಿ, ಬರೆದದ್ದನ್ನ ಓದಿ ಹೇಳಿಸ್ಕೊಳ್ಳಿ. ನಾನು ಅಲ್ಲಿದ್ದಾಗ ಹೀಗೆ ಓದಿಸಿದವರು ಮೂರು ವರ್ಷದಲ್ಲಿ ನಾಲ್ಕೈದು ಜನ. ಅವರ ಟಿಕೆಟ್ಟನ್ನ ನಾವು ಯಾರೂ ಸುಮ್ನೆ ಮುಚ್ತಿರಲಿಲ್ಲ, ವಾಪಸ್ ಬರ್ತಾರೆ ಅಂತ ಗೊತ್ತಿರ್ತಿತ್ತು.

ರಿಮೋಟ್‌ರಾಜ
ನನಗೂ ಯಾರಾದ್ರೂ ಹೀಗೆ ಹೇಳಿಕೊಡ್ರಪ್ಪ. ರಿಮೋಟ್!!

ಮೂರನೇ_ಮಹಡಿ
ನಾಲ್ಕು ದಿನ ಆದ್ಮೇಲೆ ಬರೀತಿದ್ದೀನಿ. ಆಯ್ತು!

ಅಕ್ಕ ಹೇಳಿದ್ದನ್ನ ಚೀಟಿಯಲ್ಲಿ ಬರ್ಕೊಂಡು ಓದಿದೆ. ಆ ಕಡೆಯವರು ಒಂದು ಕ್ಷಣ ಸುಮ್ಮನಾಗಿ ‘ಸಾರ್ ನೀವು ಇದೇ ಫೀಲ್ಡಾ?’ ಅಂದ್ರು. ಇವತ್ತು ಎರಡು ಗಂಟೆಗೆ ಒಬ್ಬ ಹುಡುಗ ಬಂದ. ಟಿವಿ ಅವನ ಕಣ್ಣೆದುರೇ ಒಡೀತಿತ್ತು. ಸೊಂಟಕ್ಕೆ ಬೆಲ್ಟ್ ಕಟ್ಕೊಂಡು ಹೊರಗೆ ಬಗ್ಗಿ ಡಬ್ಬಿ ಬಿಚ್ಚಿದ. ಸುತ್ತಿದ್ದ ಕಪ್ಪು ಟೇಪು ಬಿಸಿಲಿಗೆ ಕರಗಿ ಬೆರಳಿಗೆ ಅಂಟ್ತಿತ್ತು. ಕನೆಕ್ಟರ್ ತಿರುಗಿಸಿದ್ರೆ ಒಳಗಿಂದ ಎರಡು ಹನಿ ನೀರು ಬಿತ್ತು, ನಡುವಿನ ತಂತಿ ಮೇಲೆ ಹಸಿರು ಕಿಲುಬು. ಹೊರಗಿನ ಜಾಲರಿಯ ಎಳೆಗಳು ಪುಡಿ ಪುಡಿ. ಅಷ್ಟು ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ, ನೇತಾಡ್ತಿದ್ದ ವೈರ್ ತೆಗೆದು ಮುಚ್ಚಳ ಹಾಕಿದ. ಡಬ್ಬಿಗೆ ಹೋಗೋ ಮೊದಲು ಕೇಬಲ್ಲನ್ನ ಒಂದು ಸುತ್ತು ಕೆಳಗೆ ಜೋಲು ಬಿಟ್ಟ, ಮಳೆ ನೀರು ಅಲ್ಲೇ ತೊಟ್ಟಿಕ್ಕಲಿ ಅಂತ. ಒಟ್ಟು ಇಪ್ಪತ್ತು ನಿಮಿಷ. ಈಗ 746ರಲ್ಲಿ ಸ್ಟ್ರೆಂತ್ 57, ಕ್ವಾಲಿಟಿ 35, ಮಧ್ಯಾಹ್ನ ಮೂರಕ್ಕೆ!

ಇಪ್ಪತ್ತು ನಿಮಿಷದ ಕೆಲಸಕ್ಕೆ ಮೂರು ವಾರ, 7 ಕರೆ. ನೀರು ಕುಡೀತಾ ಆ ಹುಡುಗ ಅಂದ, ‘ಸಾರ್, ನಿಮ್ಮ ಮನೆಗೆ ಇದು ಮೊದಲ ವಿಸಿಟ್ ಅಂತ ತೋರಿಸ್ತಿದೆ ನನ್ನ ಫೋನಲ್ಲಿ’.

ತಂತಿಮಾವ
ಕೆಳಗೆ ಜೋಲು ಬಿಟ್ಟನಾ? ಒಳ್ಳೇ ಗುರು ಹತ್ತಿರ ಕಲಿತಿದ್ದಾನೆ ಹುಡುಗ. ಅವನಿಗೆ ಹತ್ತಕ್ಕೆ ಹತ್ತು ಕೊಡಿ, ಕಂಪನಿಗೆ ಬೇಡ.

ಹೆಡ್‌ಸೆಟ್_ಬಿಟ್ಟವಳು
ಬೇರೆ ಬೇರೆ ಕೊಡೋಕೆ ಬರಲ್ಲ ಮಾವ. ಒಂದೇ ಅಂಕ, ಕಡಿಮೆ ಕೊಟ್ರೆ ಬೀಳೋದು ಅವನ ತಲೆಗೇ. ಹತ್ತು ಕೊಟ್ಟು, ಕೆಳಗೆ ಖಾಲಿ ಜಾಗ ಇರುತ್ತಲ್ಲ, ಅಲ್ಲಿ ಹಿಂದಿನ ಮೂರು ಸುಳ್ಳು ಮುಕ್ತಾಯದ ತಾರೀಕು ಬರೀರಿ.

ಮೂರನೇ_ಮಹಡಿ
ಬರೆದೆ. ಈಗ ಅಮ್ಮ ಮಲಗೋ ಕೋಣೆಗೂ ಒಂದು ಟಿವಿ ಬೇಕು ಅಂತಿದ್ದಾರೆ.

ಬುಗುರಿ
ಸ್ಪ್ಲಿಟರ್! 3.5 ಡಿಬಿ!

ತಂತಿಮಾವ
57 ಇದೆ, ತಡ್ಕೊಳ್ಳುತ್ತೆ ಬಿಡಿ. @ರಿಮೋಟ್‌ರಾಜ ನಿಮ್ಮದು ಹಾಗೇ ಉಳೀತು. ಮೊಬೈಲ್‌ನ ಮುಂದಿನ ಕ್ಯಾಮೆರಾ ತೆಗೆದು ರಿಮೋಟ್ ತುದಿ ಅದಕ್ಕೆ ತೋರಿಸಿ ಬಟನ್ ಒತ್ತಿ. ಕಣ್ಣಿಗೆ ಕಾಣದ ಬೆಳಕು ಕ್ಯಾಮೆರಾದಲ್ಲಿ ಮಿಣಮಿಣ ಕಾಣುತ್ತೆ. ಕಂಡ್ರೆ ರಿಮೋಟ್ ಸರಿ ಇದೆ, ಬಾಕ್ಸ್ ಕಣ್ಣು ಹೋಗಿದೆ. ಕಾಣದಿದ್ರೆ ರಿಮೋಟ್ ಇಲ್ಲವೇ ಸೆಲ್.

ರಿಮೋಟ್‌ರಾಜ
ಏನೂ ಕಾಣಲ್ಲ ಮಾವ. ಹೊಸ ಸೆಲ್ಲೇ ಹಾಕಿದ್ದೆ.

ರಿಮೋಟ್‌ರಾಜ
ತಡೀರಿ.

ರಿಮೋಟ್‌ರಾಜ
ಒಂದು ಸೆಲ್ ತಿರುಗಾಮುರುಗಾ ಹಾಕಿದ್ದೆ. ಆ ಹುಡುಗಿ ಫೋನಲ್ಲಿ ಮೊದಲು ಕೇಳಿದ್ದೇ ಅದನ್ನ.